ಕತ್ತಿ, ಮಚ್ಚು, ಕುಕ್ರಿ, ಮ್ಯಾಚೆಟಿ: ತೋಟದ ಮನೆಗೆ ಯಾವ ದೊಡ್ಡ ಅಲಗು ಸರಿ?

ಊರಿಗೆ ಮರಳಿ ತೋಟ ನೋಡಿಕೊಳ್ಳುತ್ತಿರುವವರು, ವಾರದ ಕೊನೆಗೆ ಫಾರ್ಮ್‌ಹೌಸಿಗೆ ಹೋಗುವವರು, ಹೋಂಸ್ಟೇ ನಡೆಸುವವರು ಎಲ್ಲರೂ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಕೊಂಬೆ ಕಡಿಯಲೂ ಆಗಬೇಕು, ರಾತ್ರಿ ಏನಾದರೂ ಬಂದರೆ ಕೈಯಲ್ಲಿ ಧೈರ್ಯಕ್ಕೂ ಇರಬೇಕು. ಅಂಥ ಒಂದು ದೊಡ್ಡ ಕತ್ತಿ ಹೇಳಿ." ಕೆಲವರು ಆನ್‌ಲೈನಿನಲ್ಲಿ ನೇಪಾಳದ ಬಾಗಿದ ಕತ್ತಿ ಕುಕ್ರಿ ನೋಡಿರುತ್ತಾರೆ. ಕೆಲವರಿಗೆ ಅಮೆರಿಕದ ದಪ್ಪ ಚಾಕುಗಳ ಮೇಲೆ ಕಣ್ಣು. ಊರ ಕಮ್ಮಾರ ಮಾಡಿಕೊಡುವ ಕತ್ತಿ ಕೊನೆಗೆ ನೆನಪಾಗುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಕತ್ತಿಯನ್ನು ಕಡಿಯುವ ಕೆಲಸಕ್ಕೆಂದೇ ಆರಿಸಿ. ಆತ್ಮರಕ್ಷಣೆಗೆ ಬೇರೆ ಏರ್ಪಾಡು ಮಾಡಿಕೊಳ್ಳಿ. ಎರಡನ್ನೂ ಒಂದೇ ಅಲಗಿನಲ್ಲಿ ಹುಡುಕಿದರೆ ಎರಡೂ ಅರೆಬರೆ ಆಗುತ್ತವೆ. ಯಾಕೆ ಅನ್ನುವುದನ್ನು ಮುಂದೆ ಬಿಡಿಸಿ ಹೇಳುತ್ತೇನೆ.

ಮೊದಲು ನೋಡಬೇಕಾದದ್ದು ಏನು?

ಮೊದಲ ಪ್ರಶ್ನೆ, ನೀವು ದಿನಾ ಏನನ್ನು ಕಡಿಯುತ್ತೀರಿ ಅನ್ನುವುದು. ಲಂಟಾನ, ಯುಪಟೋರಿಯಂನಂಥ ಕಳೆಗಿಡ, ಹುಲ್ಲು, ಬಳ್ಳಿ ಇವೆಲ್ಲ ಹಗುರ ಮತ್ತು ಮೆದು. ಇವಕ್ಕೆ ವೇಗ ಬೇಕು, ತೂಕ ಬೇಡ. ಹಾಲವಾಣದ ಕೊಂಬೆ, ಅಡಿಕೆ ಸೋಗೆ, ಬಾಳೆ ದಿಂಡು ಹಸಿ ಮತ್ತು ದಪ್ಪ. ಇವಕ್ಕೆ ಮಧ್ಯಮ ತೂಕ ಸಾಕು. ಎಳನೀರು, ಒಣಗಿದ ಸೌದೆ, ಬಿದಿರು ಬಂದರೆ ಮುಂದೆ ಭಾರವಿರುವ ದಪ್ಪ ಅಲಗೇ ಬೇಕು. ತೆಳ್ಳಗಿನ ಅಲಗಿನಿಂದ ಒಣ ಕಟ್ಟಿಗೆಗೆ ಹೊಡೆದರೆ ಅದು ಪುಟಿಯುತ್ತದೆ ಅಥವಾ ಸಿಕ್ಕಿಕೊಳ್ಳುತ್ತದೆ. ದಪ್ಪ ಅಲಗು ಹಿಡಿದು ಲಂಟಾನ ಸವರಲು ಹೋದರೆ ಅರ್ಧ ಗಂಟೆಯಲ್ಲಿ ಮಣಿಕಟ್ಟು ಸೋತುಹೋಗುತ್ತದೆ.

ಎರಡನೆಯದು ತೂಕ ಎಲ್ಲಿ ಕೂತಿದೆ ಅನ್ನುವುದು. ಒಟ್ಟು ತೂಕಕ್ಕಿಂತ ಇದು ಮುಖ್ಯ. ಕತ್ತಿಯನ್ನು ಒಂದು ಬೆರಳ ಮೇಲೆ ಅಡ್ಡ ಇಟ್ಟು ತೂಗಿ ನೋಡಿ. ಹಿಡಿಯಿಂದ ಮೂರು ನಾಲ್ಕು ಬೆರಳು ಮುಂದೆ ಸಮತೂಕ ಸಿಕ್ಕರೆ ಅದು ಕಡಿಯಲು ಮಾಡಿದ ಕತ್ತಿ. ಹಿಡಿಯ ಬುಡದಲ್ಲೇ ಸಿಕ್ಕರೆ ಅದು ಕೊಯ್ಯಲು, ಸೀಳಲು ಮಾಡಿದ ಚಾಕು. 400ರಿಂದ 600 ಗ್ರಾಂ ಒಳಗಿನದು ಹೆಚ್ಚಿನವರಿಗೆ ಹಗುರವಾಗಿ ಆಡುತ್ತದೆ. 800 ಗ್ರಾಂ ದಾಟಿದರೆ ಅಭ್ಯಾಸ ಇರುವ ತೋಳು ಬೇಕು.

ಮೂರನೆಯದು ಉಕ್ಕು ಮತ್ತು ಅದಕ್ಕೆ ಹಾಕಿದ ಹದ, ಅಂದರೆ ಕಾಸಿ ತಣಿಸಿ ಗಟ್ಟಿ ಮಾಡಿದ ರೀತಿ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ, ಯಾಕೆಂದರೆ ಹೆಚ್ಚು ಜನ ಮೋಸ ಹೋಗುವುದು ಇಲ್ಲೇ. ಕಡಿಯುವ ಅಲಗಿಗೆ ತೀರಾ ಗಟ್ಟಿ ಉಕ್ಕು ಒಳ್ಳೆಯದಲ್ಲ. ಗಟ್ಟಿಯಾದಷ್ಟೂ ಹರಿತ ಹೆಚ್ಚು ದಿನ ನಿಲ್ಲುತ್ತದೆ, ಆದರೆ ಗಂಟಿಗೆ ಬಿದ್ದಾಗ ಹಲ್ಲು ಬೀಳುತ್ತದೆ. ಮೆದುವಾದರೆ ಬಾಯಿ, ಅಂದರೆ ಹರಿತದ ಅಂಚು, ಮಡಚುತ್ತದೆ, ಆದರೆ ಅರದಿಂದ ಎರಡು ನಿಮಿಷದಲ್ಲಿ ಸರಿ ಮಾಡಬಹುದು. ಗಟ್ಟಿತನ ಅಳೆಯುವ ರಾಕ್‌ವೆಲ್ ಸಿ ಅಳತೆಯಲ್ಲಿ 54ರಿಂದ 58ರ ನಡುವೆ ಇದ್ದರೆ ಕಡಿಯುವ ಕತ್ತಿಗೆ ಚೆಂದ. ಅಡುಗೆಮನೆಯ ಜಪಾನಿ ಚಾಕುಗಳು 60 ದಾಟುತ್ತವೆ, ಅದಕ್ಕೇ ಅವುಗಳಿಂದ ಮೂಳೆ ಕಡಿಯಬಾರದು ಅನ್ನುವುದು.

ನಮ್ಮ ಕಮ್ಮಾರರು ಒಳ್ಳೆಯ ಕತ್ತಿಗೆ ಲಾರಿಯ ಲೀಫ್ ಸ್ಪ್ರಿಂಗ್ ಬಳಸುತ್ತಾರೆ. ಅದರ ಕಾರ್ಬನ್ ಅಂಶ ಶೇಕಡಾ 0.5ರಿಂದ 0.6ರ ಆಸುಪಾಸು. ಏಟು ತಿನ್ನಲೆಂದೇ ಮಾಡಿದ ಉಕ್ಕು ಅದು. ಅದೇ ಕತ್ತಿಯನ್ನು ಕಟ್ಟಡದ ಕಂಬಿಯಿಂದಲೋ ಸಾದಾ ಕಬ್ಬಿಣದ ಪಟ್ಟಿಯಿಂದಲೋ ಮಾಡಿದರೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ, ಯಾಕೆಂದರೆ ಅದರಲ್ಲಿ ಹದ ಹಿಡಿಯುವಷ್ಟು ಕಾರ್ಬನ್ನೇ ಇರುವುದಿಲ್ಲ. ನೋಡಲು ಎರಡೂ ಒಂದೇ ಥರ ಕಪ್ಪಗೆ ಇರುತ್ತವೆ. ಇನ್ನು ಸ್ಟೇನ್‌ಲೆಸ್ ಅಂದರೆ ತುಕ್ಕು ಹಿಡಿಯುವುದಿಲ್ಲ ಎಂದು ಖುಷಿಪಡುವವರು ಇದ್ದಾರೆ. ಅಗ್ಗದ ಸ್ಟೇನ್‌ಲೆಸ್ ಅಲಗುಗಳು ಗೋಡೆಗೆ ತೂಗುಹಾಕಲು ಸರಿ. ಸೌದೆಗೆ ಹೊಡೆಯಲು ಬೇಡ.

ನಾಲ್ಕನೆಯದು ಹಿಡಿ. ಅಲಗಿನ ಬಾಲ ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಎಂದು ಕೇಳಿ. ಹಿಡಿಯ ಪೂರ್ತಿ ಉದ್ದಕ್ಕೂ ಹೋಗಿ ಎರಡು ಕಡೆ ಮರ ಹಚ್ಚಿ ರಿವೆಟ್ ಹೊಡೆದಿದ್ದರೆ ಅದು ಗಟ್ಟಿ. ತೆಳ್ಳನೆ ಬಾಲವನ್ನು ಕಾಸಿ ಮರದೊಳಗೆ ಇಳಿಸಿ ಅರಗು ತುಂಬಿ ಕಟ್ಟಿದ್ದೂ ಕೆಟ್ಟದ್ದಲ್ಲ. ತಲೆಮಾರುಗಳಿಂದ ನಡೆದುಬಂದ ರೀತಿ ಅದು, ಹಿಡಿ ಹೋದರೆ ಸುಲಭವಾಗಿ ಬದಲಿಸಬಹುದು. ಆದರೆ ಗಮನವಿಟ್ಟು ಆಗಾಗ ಅಲ್ಲಾಡಿಸಿ ನೋಡುತ್ತಿರಬೇಕು. ಹಿಡಿ ಬಿಟ್ಟ ಅಲಗು ಹಾರಿದರೆ ಯಾರ ಮೇಲೆ ಬೀಳುತ್ತದೋ ಹೇಳಲಾಗದು. ಮಳೆಗಾಲದಲ್ಲಿ ಒದ್ದೆ ಕೈಗೆ ಜಾರದಂತೆ ಹಿಡಿಯ ತುದಿ ಸ್ವಲ್ಪ ಕೆಳಗೆ ಬಾಗಿರಲಿ. ಪಾಲಿಶ್ ಹಾಕಿ ಮಿನುಗುವ ಹಿಡಿ ಅಂಗಡಿಯಲ್ಲಿ ಚೆಂದ, ಜುಲೈ ತಿಂಗಳಲ್ಲಿ ಅಪಾಯ.

ಆತ್ಮರಕ್ಷಣೆಯ ಮಾತು

ಇದನ್ನು ಮುಚ್ಚಿಡದೆ ಮಾತಾಡುವುದು ಒಳ್ಳೆಯದು. ಕತ್ತಿ ಕೈಯಲ್ಲಿದ್ದರೆ ಧೈರ್ಯ ಬರುತ್ತದೆ ನಿಜ. ಆದರೆ ಕತ್ತಿಗೆ ಕೆಲಸ ಬರಬೇಕಾದರೆ ಎದುರಿನವರು ನಿಮ್ಮ ತೋಳಿನಳತೆಯೊಳಗೆ ಬಂದಿರಬೇಕು. ಅಷ್ಟು ಹತ್ತಿರದಲ್ಲಿ ನಿಮಗೂ ಪೆಟ್ಟಾಗದೆ ಇರುವುದಿಲ್ಲ. ಕತ್ತಿ ಕಿತ್ತುಕೊಂಡರೆ ಅದು ಅವರ ಕೈಯ ಕತ್ತಿ. ರಾತ್ರಿ ಕಳ್ಳ ಬಂದ ಸದ್ದಾದರೆ ಗಟ್ಟಿ ಚಿಲಕ, ಅಂಗಳದ ದೀಪ, ಬೊಗಳುವ ನಾಯಿ, ಜೋರು ಟಾರ್ಚು ಮತ್ತು 112ಕ್ಕೆ ಕರೆ, ಇವು ಯಾವ ಅಲಗಿಗಿಂತಲೂ ಹೆಚ್ಚು ಕಾಪಾಡುತ್ತವೆ. ಹೊರಗೆ ಹೋಗದೆ ಒಳಗೇ ಇರುವುದು ಇನ್ನೂ ಒಳ್ಳೆಯದು.

ಕಾನೂನು ಕೂಡ ಇಲ್ಲಿ ಸ್ಪಷ್ಟ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್‌ಗಳು ನಿಮಗೆ ಆತ್ಮರಕ್ಷಣೆಯ ಹಕ್ಕು ಕೊಡುತ್ತವೆ. ಅದರಲ್ಲೇ 37ನೇ ಸೆಕ್ಷನ್ ಮಿತಿಯನ್ನೂ ಹೇಳುತ್ತದೆ. ಕಾಪಾಡಿಕೊಳ್ಳಲು ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕೇ ಇಲ್ಲ. ಓಡಿಹೋಗುತ್ತಿರುವವನ ಹಿಂದೆ ಮಚ್ಚು ಹಿಡಿದು ಓಡಿದರೆ ನೀವೇ ಆರೋಪಿ ಆಗಬಹುದು.

ಕಾಡುಪ್ರಾಣಿಗಳ ವಿಷಯ ಬೇರೆ ಥರ. ಜೀವ ಉಳಿಸಿಕೊಳ್ಳಲು ಒಳ್ಳೆಯ ನಂಬಿಕೆಯಿಂದ ಪ್ರಾಣಿಗೆ ಗಾಯ ಮಾಡಿದರೆ ಅಥವಾ ಕೊಂದರೆ ಅದು ಅಪರಾಧವಲ್ಲ ಎಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತದೆ. ಆದರೆ ಆನೆಯ ಮುಂದೆ ಎಂಥ ಕತ್ತಿಯೂ ಲೆಕ್ಕಕ್ಕಿಲ್ಲ. ಕಾಡುಹಂದಿ ನುಗ್ಗುವ ವೇಗಕ್ಕೆ ಕತ್ತಿ ಎತ್ತುವಷ್ಟು ಹೊತ್ತೇ ಸಿಗುವುದಿಲ್ಲ. ಚಿರತೆ ಕಂಡರೆ ಬೆನ್ನು ತಿರುಗಿಸಿ ಓಡದೆ, ನೆಟ್ಟಗೆ ನಿಂತು, ಗದ್ದಲ ಮಾಡುತ್ತಾ ನಿಧಾನ ಹಿಂದೆ ಸರಿಯಬೇಕು. ಅಲ್ಲಿ ಉದ್ದನೆ ಕೋಲು ಕತ್ತಿಗಿಂತ ಉಪಯೋಗಕ್ಕೆ ಬರುತ್ತದೆ. ಹಾವಿಗೆ ಗಂಬೂಟು ಮತ್ತು ಟಾರ್ಚು.

ಹಾಗಾಗಿ ಮುಂದಿನ ಹೋಲಿಕೆಯಲ್ಲಿ ಆತ್ಮರಕ್ಷಣೆಗೆ ನಾನು ಒಂದೇ ಅಳತೆಗೋಲು ಇಟ್ಟುಕೊಂಡಿದ್ದೇನೆ. ಕತ್ತಿ ನಿಮ್ಮ ಸೊಂಟದಲ್ಲಿ ಸದಾ ಇರುವಷ್ಟು ಹಗುರವೇ, ಕೈಯಿಂದ ಜಾರದೆ ನಿಲ್ಲುತ್ತದೆಯೇ? ಅಷ್ಟು ಸಾಕು. ಮನೆಯಲ್ಲಿ ಬಿಟ್ಟುಬಂದ ಭಾರಿ ಕತ್ತಿ ಯಾವ ಆಪತ್ತಿಗೂ ಆಗುವುದಿಲ್ಲ.

ಇಟ್ಟುಕೊಳ್ಳುವುದಕ್ಕೂ ಒಯ್ಯುವುದಕ್ಕೂ ಇರುವ ನಿಯಮ

ಶಸ್ತ್ರಾಸ್ತ್ರ ನಿಯಮಗಳು, 2016ರ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಅಲಗಿನ ಕತ್ತಿ, ಕಿರ್ಪಾಣ್, ಕುಕ್ರಿ ಮುಂತಾದವು ಹರಿತವಾದ ಆಯುಧಗಳ ಸಾಲಿನಲ್ಲಿ ಬರುತ್ತವೆ. ಮನೆಗೆಲಸ, ಕೃಷಿ, ವಿಜ್ಞಾನ, ಕೈಗಾರಿಕೆಗಾಗಿ ಮಾಡಿದವನ್ನು ಮಾತ್ರ ಹೊರಗಿಟ್ಟಿದ್ದಾರೆ. ಇಂಥವಕ್ಕೆ ಪರವಾನಗಿ ಬೇಕೇ ಬೇಡವೇ ಅನ್ನುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಸರ್ಕಾರ ನಿಮ್ಮ ಪ್ರದೇಶಕ್ಕೆ ಅಧಿಸೂಚನೆ ಹೊರಡಿಸಿದೆಯೇ ಅನ್ನುವುದರ ಮೇಲಿದೆ. ಠಾಣೆಯಲ್ಲಿ ಒಂದು ಮಾತು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ. ತೋಟದಲ್ಲಿ ತೋಟದ ಕತ್ತಿ ಇರುವುದು ಸಹಜ. ಅದೇ ಕತ್ತಿ ಬೆಂಗಳೂರಿನ ಬಾರಿನ ಮುಂದೆ ನಿಲ್ಲಿಸಿದ ಕಾರಿನ ಸೀಟಿನ ಕೆಳಗೆ ಸಿಕ್ಕರೆ ಕೃಷಿಗೆ ಎಂದು ಯಾರೂ ನಂಬುವುದಿಲ್ಲ. ಸಾಗಿಸುವಾಗ ಚೆನ್ನಾಗಿ ಸುತ್ತಿ ಡಿಕ್ಕಿಯಲ್ಲಿಡಿ. ಚುನಾವಣೆ, ಗಲಭೆಯ ಹೊತ್ತಿನಲ್ಲಿ ನಿಷೇಧಾಜ್ಞೆ ಇದ್ದರೆ ಹೊರಗೆ ತೆಗೆಯಲೇಬೇಡಿ.

ಚಾರಣಿಗರು ಇನ್ನೊಂದು ವಿಷಯ ತಿಳಿದಿರಬೇಕು. ವನ್ಯಜೀವಿ ಕಾಯ್ದೆಯ 31ನೇ ಸೆಕ್ಷನ್ ಪ್ರಕಾರ ಲಿಖಿತ ಅನುಮತಿ ಇಲ್ಲದೆ ಯಾವ ಅಭಯಾರಣ್ಯಕ್ಕೂ ಆಯುಧ ಒಯ್ಯುವಂತಿಲ್ಲ. ಆ ಕಾಯ್ದೆಯ ಆಯುಧ ಪಟ್ಟಿಯಲ್ಲಿ ಚಾಕುವೂ ಇದೆ. ಕುದುರೆಮುಖ, ಪುಷ್ಪಗಿರಿ ಕಡೆ ಹೋಗುವವರಿಗೆ ದೊಡ್ಡ ಕತ್ತಿ ಬೇಕಾಗಿಯೂ ಇಲ್ಲ. ಅಲ್ಲಿ ಗಿಡ ಕಡಿಯುವುದೇ ತಪ್ಪು.

ಊರ ಕಮ್ಮಾರನ ಕತ್ತಿ

ಮಲೆನಾಡು, ಕರಾವಳಿಯಲ್ಲಿ ಸೊಂಟದ ಕೊಕ್ಕೆಗೆ ಸಿಕ್ಕಿಸಿಕೊಂಡು ಓಡಾಡುವ ಕತ್ತಿ ಇದು. ತುದಿ ಒಳಕ್ಕೆ ಬಾಗಿರುತ್ತದೆ. ಆ ಬಾಗು ಸುಮ್ನೆ ಅಂದಕ್ಕಲ್ಲ. ಕೊಂಬೆಯನ್ನು ಎಳೆದುಕೊಂಡು ಕಡಿಯಲು, ಪೊದೆಯೊಳಗಿನ ಮುಳ್ಳು ಬಳ್ಳಿಯನ್ನು ಕೈ ಹಾಕದೆ ಹೊರಗೆಳೆಯಲು, ತುದಿ ಕಲ್ಲಿಗೆ ತಾಗದಂತೆ ತಪ್ಪಿಸಲು ಅದು ಬೇಕು. ಸೊಪ್ಪು, ಸೋಗೆ, ಮರಗಸಿಯ (ನೆರಳಿನ ಮರ ಸವರುವಾಗಿನ) ಸಣ್ಣ ಕೊಂಬೆ, ಬೇಲಿ ಗೂಟ ಚೂಪು ಮಾಡುವುದು, ಕೊನೆಗೆ ಹಲಸಿನ ಹಣ್ಣು ಸೀಳುವುದು ಎಲ್ಲಕ್ಕೂ ಇದೇ. ಬೆಲೆ ಕೆಲವು ನೂರು ರೂಪಾಯಿಗಳಿಂದ ಸಾವಿರ, ಒಂದೂವರೆ ಸಾವಿರದ ತನಕ.

ಇದರ ದೊಡ್ಡ ಗುಣ, ನಿಮ್ಮ ತೋಳಿಗೆ ತಕ್ಕಂತೆ ಮಾಡಿಸಬಹುದು ಅನ್ನುವುದು. ಎಡಗೈಯವರಿಗೆ ಬೇರೆ ಹಿಡಿ, ಕುಳ್ಳಗಿನವರಿಗೆ ಚಿಕ್ಕ ಅಲಗು. ಬಾಯಿ ತೆಳುವಾದರೆ ಮತ್ತೆ ಕುಲುಮೆಗೆ ಕೊಟ್ಟು ಹಣಿಸಿಕೊಂಡು ಬರಬಹುದು. ಯಾವ ಬ್ರ್ಯಾಂಡೂ ಈ ಸೇವೆ ಕೊಡುವುದಿಲ್ಲ. ತೊಂದರೆ ಏನೆಂದರೆ ಒಂದು ಕತ್ತಿ ಇದ್ದಂತೆ ಇನ್ನೊಂದು ಇರುವುದಿಲ್ಲ. ಕಮ್ಮಾರ ಬೆಂಕಿಯ ಬಣ್ಣ ನೋಡಿ ಹದ ಹಾಕುತ್ತಾನೆ. ಒಳ್ಳೆಯ ಕಣ್ಣಿದ್ದರೆ ಒಳ್ಳೆಯ ಕತ್ತಿ. ಒಣ ಸೌದೆಗೆ ಇದು ಸ್ವಲ್ಪ ಹಗುರವಾಯಿತು ಅನ್ನಿಸಬಹುದು. ಕೊಕ್ಕೆಯಲ್ಲಿ ಅಲಗು ಬರಿಯ ತೆರೆದೇ ಇರುತ್ತದೆ, ಜಾರಿ ಬಿದ್ದರೆ ತೊಡೆಗೆ ಅಪಾಯ.

ಮಚ್ಚು

ಹಳೆ ಮೈಸೂರು ಕಡೆ ಎಳನೀರು ಕೆತ್ತುವವರ ಕೈಯಲ್ಲಿ ನೋಡಿರುತ್ತೀರಿ. ಮದ್ದೂರಿನ ಎಳನೀರು ಮಾರುಕಟ್ಟೆಯ ಸುತ್ತ ಇದರ ಕೈಚಳಕ ನೋಡುವುದೇ ಒಂದು ಚೆಂದ. ಅಗಲ, ದಪ್ಪ, ತುದಿ ಕಡೆ ಭಾರ. ಕಾಯಿಯ ತಲೆ ಹಾರಿಸಲು, ಒಣ ಕಟ್ಟಿಗೆ ಸೀಳಲು, ಮಾಂಸದ ಅಂಗಡಿಯಲ್ಲಿ ಮೂಳೆ ಕಡಿಯಲು ಇದಕ್ಕೆ ಸಾಟಿ ಇಲ್ಲ. ಬೆಲೆಯೂ ಕಮ್ಮಿ.

ಆದರೆ ಗಿಡಗಳ ನಡುವೆ ಓಡಾಡಿಕೊಂಡು ಸಣ್ಣ ರೆಂಬೆ ಸವರುವುದಕ್ಕೆ ಇದು ಭಾರ. ಒಂದೇ ಜಾಗದಲ್ಲಿ ಕೂತು ಅಥವಾ ನಿಂತು ಮಾಡುವ ಕೆಲಸದ ಅಲಗು ಇದು. ಇನ್ನೊಂದು ಮಾತನ್ನೂ ಹೇಳಲೇಬೇಕು. ಪೊಲೀಸರ ಕಣ್ಣಿಗೂ ಜನರ ಕಣ್ಣಿಗೂ ಮಚ್ಚು ಅಂದ ಕೂಡಲೇ ರೌಡಿಸಂ ನೆನಪಾಗುತ್ತದೆ. ತೋಟದ ಬೇಲಿ ದಾಟಿ ಇದನ್ನು ಹಿಡಿದು ನಡೆದರೆ ವಿವರಣೆ ಕೊಡುವುದು ತಪ್ಪದು.

ಒಡಿಕತ್ತಿ

ಕೊಡಗಿನ ಒಡಿಕತ್ತಿಯನ್ನು ಮರೆತು ಈ ಹೋಲಿಕೆ ಮಾಡಲು ನನಗೆ ಮನಸ್ಸಿಲ್ಲ. ಅಗಲವಾದ, ಮುಂದೆ ಬಾಗಿದ, ಒಳಬದಿಯಲ್ಲಿ ಹರಿತವಿರುವ ಅಲಗು. ಬೆನ್ನ ಹಿಂದೆ ತೋಡಂಗ್ ಎಂಬ ಕೊಕ್ಕೆಗೆ ಸಿಕ್ಕಿಸುತ್ತಾರೆ. ಮುಂದೆ ಸೊಂಟಪಟ್ಟಿಯಲ್ಲಿ ಇರುವ ಚಿಕ್ಕದು ಪೀಚೆಕತ್ತಿ, ಅದು ಬೇರೆ. ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರ ಒಡಿಕತ್ತಿಯದ್ದೇ. ಸೆಪ್ಟೆಂಬರಿನ ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಯ ಜೊತೆ ಇದಕ್ಕೂ ಪೂಜೆ. ರೂಪದಲ್ಲಿ ಇದು ಅಪ್ಪಟ ಕಡಿಯುವ ಅಲಗು, ತೂಕ ಸರಿಯಾದ ಜಾಗದಲ್ಲೇ ಇದೆ. ಆದರೆ ಈಗ ಮಾರಾಟಕ್ಕೆ ಬರುವ ಹೆಚ್ಚಿನವು ಶಾಸ್ತ್ರಕ್ಕೆ, ಅಲಂಕಾರಕ್ಕೆ ಮಾಡಿದವು. ಕೆಲಸಕ್ಕೆ ಬೇಕಿದ್ದರೆ ಕೊಡಗಿನ ಕಮ್ಮಾರರ ಹತ್ತಿರ "ಕಡಿಯುವುದಕ್ಕೆ" ಎಂದು ಹೇಳಿಯೇ ಮಾಡಿಸಬೇಕು. ಮನೆತನದ ಹಳೆಯ ಒಡಿಕತ್ತಿ ನಿಮ್ಮಲ್ಲಿದ್ದರೆ ದಯವಿಟ್ಟು ಅದರಿಂದ ಸೌದೆ ಕಡಿಯಬೇಡಿ.

ಕುಕ್ರಿ

ನೇಪಾಳದ ಕುಕ್ರಿಗೆ ಇರುವ ಹೆಸರು ಸುಮ್ನೆ ಬಂದದ್ದಲ್ಲ. ಧರಾನ್, ಭೋಜಪುರದ ಕಾಮಿ ಎಂಬ ಕಮ್ಮಾರ ಸಮುದಾಯದ ಕುಶಲಕರ್ಮಿಗಳು ಇವತ್ತಿಗೂ ಲಾರಿ ಸ್ಪ್ರಿಂಗನ್ನು ಬಡಿದು ಕುಕ್ರಿ ಮಾಡುತ್ತಾರೆ. ಹದ ಹಾಕುವ ರೀತಿ ನೋಡಬೇಕು. ಕೆಂಪಗೆ ಕಾಸಿದ ಅಲಗಿನ ಬಾಯಿಯ ಮೇಲೆ ಮಾತ್ರ ಕೆಟಲ್‌ನಿಂದ ನೀರು ಸುರಿಯುತ್ತಾರೆ. ಬಾಯಿ ಗಟ್ಟಿಯಾಗುತ್ತದೆ, ಬೆನ್ನು ಮೆದುವಾಗಿ ಉಳಿಯುತ್ತದೆ. ಹಾಗಾಗಿ ಎಷ್ಟು ಬಲವಾಗಿ ಹೊಡೆದರೂ ಅಲಗು ಮುರಿಯುವುದು ಅಪರೂಪ. ಬೆನ್ನು 8ರಿಂದ 10 ಮಿಲಿಮೀಟರ್ ದಪ್ಪ. ಮುಂದಕ್ಕೆ ಬಾಗಿರುವುದರಿಂದ 10, 11 ಇಂಚಿನ ಅಲಗು ಚಿಕ್ಕ ಕೊಡಲಿಯಷ್ಟು ಆಳ ಕಡಿಯುತ್ತದೆ. ಒರೆಯಲ್ಲಿ ಜೊತೆಗೆ ಎರಡು ಚಿಕ್ಕವು ಬರುತ್ತವೆ. ಕರ್ದಾ ಸಣ್ಣ ಕೆಲಸಕ್ಕೆ, ಚಕ್ಮಕ್ ಬಾಯಿ ನೇರ ಮಾಡಲು.

ಒಂದೇ ಅಲಗಿನಲ್ಲಿ ಕಡಿಯುವುದು, ಸೊಂಟದಲ್ಲಿ ಇಟ್ಟುಕೊಳ್ಳುವುದು ಎರಡೂ ಬೇಕು ಅನ್ನುವವರಿಗೆ ನಿಜವಾದ ಆಯ್ಕೆ ಇದೇ ಅನ್ನಿಸುತ್ತದೆ. ಒರೆ ಮುಚ್ಚಿರುತ್ತದೆ, ಕೊಕ್ಕೆಯ ಕತ್ತಿಗಿಂತ ಸುರಕ್ಷಿತ. ಆದರೂ ಒರೆಯಿಂದ ಎಳೆಯುವಾಗ ಎಡಗೈ ಬೆರಳುಗಳನ್ನು ಒರೆಯ ಬಾಯಿಯ ಬದಿಗೆ ಸುತ್ತಬಾರದು. ಅಲಗು ಚರ್ಮವನ್ನು ಸೀಳಿ ಬೆರಳಿಗೆ ಇಳಿಯಬಹುದು. ಬೆನ್ನಿನ ಕಡೆಯಿಂದಲೇ ಹಿಡಿಯಬೇಕು. ಹೊಸಬರಿಗೆ ಯಾರೂ ಹೇಳಿಕೊಡದ ವಿಷಯ ಇದು.

ತೊಂದರೆಗಳೂ ಇವೆ. ಹಿಡಿ ಸಾಮಾನ್ಯವಾಗಿ ಚಿಕ್ಕದು, ಅಗಲ ಅಂಗೈಯವರಿಗೆ ಬಿಗಿಯಾಗುತ್ತದೆ. ಬಾಗಿದ ಬಾಯಿಯನ್ನು ಮಸೆಯಲು ಚಪ್ಪಟೆ ಕಲ್ಲು ಆಗದು, ದುಂಡು ಕಲ್ಲೋ ಬೆಲ್ಟೋ ಬೇಕು. ಉದ್ದನೆ ಹುಲ್ಲು, ಲಂಟಾನಕ್ಕೆ ಇದರ ಅಲಗು ಚಿಕ್ಕದಾಯಿತು. ಪ್ರವಾಸಿ ಜಾಗಗಳಲ್ಲಿ ಮಾರುವ ಹಿತ್ತಾಳೆ ಸಿಂಹದ ತಲೆಯ ಕುಕ್ರಿಗಳು ಅಲಂಕಾರದ ವಸ್ತು. ಕೆಲಸದ ಕುಕ್ರಿಗೆ ಎರಡು ಸಾವಿರದಿಂದ ಐದು ಸಾವಿರ, ಒಳ್ಳೆಯ ಕೈಕೆಲಸಕ್ಕೆ ಇನ್ನೂ ಹೆಚ್ಚು. "ಪನಾವಲ್" ಎಂದು ಕೇಳಿ ತೆಗೆದುಕೊಂಡರೆ ಪೂರ್ತಿ ಬಾಲದ, ರಿವೆಟ್ ಹೊಡೆದ ಹಿಡಿ ಸಿಗುತ್ತದೆ.

ಮ್ಯಾಚೆಟಿ

ಬ್ರೆಜಿಲ್‌ನ ಟ್ರಮೊಂಟಿನಾ, ಎಲ್ ಸಾಲ್ವಡಾರ್‌ನ ಇಮಕಾಸಾ ಮುಂತಾದ ಕಂಪನಿಗಳದ್ದು. ಲ್ಯಾಟಿನ್ ಅಮೆರಿಕದ ಕಬ್ಬಿನ ಗದ್ದೆ, ಬಾಳೆ ತೋಟಗಳ ಅಲಗು. 14ರಿಂದ 24 ಇಂಚು ಉದ್ದ, ದಪ್ಪ ಮಾತ್ರ ಸುಮಾರು 2 ಮಿಲಿಮೀಟರ್. ಇದು ತೂಕದಿಂದ ಕಡಿಯುವುದಿಲ್ಲ, ವೇಗದಿಂದ ಕಡಿಯುತ್ತದೆ. ಯುಪಟೋರಿಯಂ, ಹುಲ್ಲು, ಬಾಳೆ ಎಲೆ, ಹೆಬ್ಬೆರಳು ದಪ್ಪದ ಹಸಿ ರೆಂಬೆಗೆ ಮಣಿಕಟ್ಟಿನ ಒಂದು ಬೀಸು ಸಾಕು. ಬಗ್ಗದೆ ನಿಂತೇ ಕೆಲಸ ಮಾಡಬಹುದು, ಬೆನ್ನು ನೋವಿರುವವರಿಗೆ ದೊಡ್ಡ ಸಮಾಧಾನ.

ಕಾರ್ಖಾನೆಯಿಂದ ಬರುವಾಗ ಬಾಯಿ ಮೊಂಡಾಗಿರುತ್ತದೆ, ಅರ ಹಿಡಿದು ನೀವೇ ಹರಿತ ಮಾಡಿಕೊಳ್ಳಬೇಕು. ಉಕ್ಕು ಬೇಕೆಂದೇ ಮೆದು, ಅರ ಸುಲಭವಾಗಿ ಕಚ್ಚುತ್ತದೆ. ಒಣ ಸೌದೆಗೆ ಇದನ್ನು ಬಳಸಬೇಡಿ. ಗಟ್ಟಿ ಕೊಂಬೆಗೆ ಬಿದ್ದಾಗ ಅಲಗು ನಡುಗಿ ಪುಟಿದು ಮೊಣಕಾಲಿನ ಕಡೆ ಬರುತ್ತದೆ. ಮಕ್ಕಳು, ಕೆಲಸದವರು ಹತ್ತಿರ ಇದ್ದಾಗ ಇಷ್ಟು ಉದ್ದದ ಅಲಗು ಬೀಸುವುದೂ ಅಪಾಯ. ದೊಡ್ಡ ಬಯಲು ಸ್ವಚ್ಛ ಮಾಡುವವರಿಗೆ ಚೆಂದ, ಕಾಫಿ ಗಿಡಗಳ ಸಾಲಿನ ನಡುವೆ ಇದಕ್ಕೆ ಜಾಗ ಸಾಲದು.

ಅಮೆರಿಕದ ದಪ್ಪ ಚಾಕುಗಳು

ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಅಮೆರಿಕದ ಮರೀನ್‌ಗಳು ತೆಗೆದುಕೊಂಡ 7 ಇಂಚಿನ ಕಾ-ಬಾರ್ ಇವತ್ತಿಗೂ ಜನಪ್ರಿಯ. ಅದೇ ಕಂಪನಿಯ ಬೆಕರ್ ಬಿಕೆ-9ಕ್ಕೆ 9 ಇಂಚಿನ ಅಲಗು, ಬೆನ್ನು 5 ಮಿಲಿಮೀಟರಿನ ಹತ್ತಿರ. ಇಎಸ್‌ಇಇ ಕಂಪನಿಯ ಜಂಗ್ಲಾಸ್ 10 ಇಂಚು ದಾಟುತ್ತದೆ. ಇವುಗಳ ಉಕ್ಕು 1095 ಎಂಬ ದರ್ಜೆಯದು ಅಥವಾ ಅದರ ಸಂಬಂಧಿ. ಕಾರ್ಬನ್ ಶೇಕಡಾ 0.95ರ ಆಸುಪಾಸು ಇರುವುದರಿಂದ ಹರಿತ ಚೆನ್ನಾಗಿ ನಿಲ್ಲುತ್ತದೆ. ಹದ ಒಂದೇ ಸಮ. ಒಂದು ಕೊಂಡರೂ ಹತ್ತು ಕೊಂಡರೂ ಗುಣ ಬದಲಾಗುವುದಿಲ್ಲ. ಬೆಕರ್, ಜಂಗ್ಲಾಸ್‌ಗಳ ಹಿಡಿ ಮಳೆ, ಬೆವರಿಗೆ ಕೊಳೆಯುವುದಿಲ್ಲ.

ವಿದೇಶದಲ್ಲಿರುವ ಕನ್ನಡಿಗರಿಗೆ, ಕ್ಯಾಂಪಿಂಗ್ ಮಾಡುವವರಿಗೆ ಇವು ಒಳ್ಳೆಯವು. ಒಂದೇ ಅಲಗಿನಲ್ಲಿ ಸಣ್ಣ ಸೌದೆ ಸೀಳಿ, ತರಕಾರಿ ಹೆಚ್ಚಿ, ಡೇರೆಯ ಗೂಟ ಕೆತ್ತಬಹುದು. ಆದರೆ ನಮ್ಮ ತೋಟಕ್ಕೆ? ಇಲ್ಲಿಗೆ ಬರುವಷ್ಟರಲ್ಲಿ ಹಲವು ಮಾದರಿಗಳ ಬೆಲೆ ಹತ್ತು ಸಾವಿರ ದಾಟುತ್ತದೆ. ಕಡಿಯುವುದರಲ್ಲಿ ಒಳ್ಳೆಯ ಕುಕ್ರಿಗೆ ಇವು ಸಮ ಬರುವುದಿಲ್ಲ, ಯಾಕೆಂದರೆ ತೂಕ ಅಷ್ಟು ಮುಂದೆ ಇಲ್ಲ. ಹಿಡಿ ಮುರಿದರೆ ಊರಲ್ಲಿ ರಿಪೇರಿ ಮಾಡುವವರಿಲ್ಲ. ಇಷ್ಟಪಟ್ಟು ಕೊಳ್ಳುವುದಾದರೆ ಕೊಳ್ಳಿ, ತೋಟದ ಅಗತ್ಯಕ್ಕೆಂದು ಬೇಡ.

ಕತ್ತಿಯೇ ಬೇಕಾ?

ಮುಂಗೈ ದಪ್ಪದ ಕೊಂಬೆಗೆ ಗರಗಸ ಯಾವ ಕತ್ತಿಗಿಂತಲೂ ಬೇಗ, ಸುರಕ್ಷಿತ, ಮರಕ್ಕೂ ಒಳ್ಳೆಯದು. ಕತ್ತಿಯಿಂದ ಕಡಿದ ಗಾಯ ಸಿಪ್ಪೆ ಸಿಪ್ಪೆಯಾಗಿ ನೀರು ನಿಂತು ಕೊಳೆಯುತ್ತದೆ. ಗರಗಸದ ಗಾಯ ನುಣ್ಣಗೆ ಮುಚ್ಚುತ್ತದೆ. ಕಾಫಿ ಗಿಡ ಸವರುವ ಕಪಾತಿಗೆ, ಹಣ್ಣಿನ ಗಿಡಕ್ಕೆ ಮಡಚುವ ಗರಗಸವೇ ಸರಿ. ದಿನಾ ಸೌದೆ ಸೀಳುವವರಿಗೆ ಕೊಡಲಿ. ದೊಡ್ಡ ಕತ್ತಿಯ ಮೇಲೆ ಐದು ಸಾವಿರ ಹಾಕುವ ಬದಲು ಕಮ್ಮಾರನ ಕತ್ತಿ, ಒಂದು ಮಡಚುವ ಗರಗಸ, ಒಂದು ಒಳ್ಳೆಯ ಟಾರ್ಚು ಕೊಂಡರೆ ಕಡಿಯುವ ಕೆಲಸವೂ ರಾತ್ರಿಯ ಧೈರ್ಯವೂ ಎರಡೂ ಆಗುತ್ತವೆ. ನನ್ನನ್ನು ಕೇಳುವ ಹೆಚ್ಚಿನವರಿಗೆ ನಾನು ಹೇಳುವುದು ಈ ಮೂರನ್ನೇ.

ಹಾಗಾದರೆ ಯಾರಿಗೆ ಯಾವುದು?

ಅಡಿಕೆ, ಕಾಫಿ ತೋಟದಲ್ಲಿ ದಿನಾ ಓಡಾಡುವವರಿಗೆ ಕಮ್ಮಾರನ ಬಾಗಿದ ಕತ್ತಿ. ತೆಂಗಿನ ತೋಟ, ಎಳನೀರು, ಸೌದೆ ಹೆಚ್ಚಿದ್ದರೆ ಮಚ್ಚು ಜೊತೆಗಿರಲಿ, ಒಂದೇ ಬೇಕೆಂದರೆ ಮಚ್ಚೇ. ವಾರಕ್ಕೊಮ್ಮೆ ಬಂದು ಎಲ್ಲ ಸ್ವಲ್ಪ ಸ್ವಲ್ಪ ಮಾಡುವವರು, ಒರೆಯಲ್ಲಿ ಭದ್ರವಾಗಿ ಸೊಂಟಕ್ಕೆ ಕಟ್ಟಿಕೊಳ್ಳಬೇಕು ಅನ್ನುವವರು ಪನಾವಲ್ ಕುಕ್ರಿ ತೆಗೆದುಕೊಳ್ಳಿ. ಪಾಳುಬಿದ್ದ ಜಾಗ ಕೊಂಡು ಕಳೆ ತೆಗೆಯಬೇಕಾದವರಿಗೆ 18 ಇಂಚಿನ ಮ್ಯಾಚೆಟಿ. ಭಯ ಮಾತ್ರ ಕಾರಣವಾಗಿದ್ದರೆ ಕತ್ತಿ ಕೊಳ್ಳಬೇಡಿ. ದೀಪ ಹಾಕಿಸಿ, ನಾಯಿ ಸಾಕಿ, ಪಕ್ಕದ ಮನೆಯವರ ಫೋನ್ ನಂಬರ್ ಹತ್ತಿರ ಇಟ್ಟುಕೊಳ್ಳಿ.

ಕುಲುಮೆಯಲ್ಲಿ ಕೊಳ್ಳುವಾಗ

ಹಳೆಯ ಸ್ಪ್ರಿಂಗ್ ಆದರೆ ಅಲಗಿನ ಉದ್ದಕ್ಕೂ ಕಣ್ಣು ಹಾಯಿಸಿ. ವರ್ಷಗಟ್ಟಲೆ ಭಾರ ಹೊತ್ತ ಸ್ಪ್ರಿಂಗಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕು ಇರಬಹುದು. ಅದು ಕತ್ತಿಯಲ್ಲೂ ಉಳಿಯುತ್ತದೆ. ಬೆರಳಿನಲ್ಲಿ ತೂಗುಬಿಟ್ಟು ಸಣ್ಣ ಕಬ್ಬಿಣದಿಂದ ತಟ್ಟಿ. ಸ್ವಚ್ಛ ನಾದ ಬಂದರೆ ಒಳ್ಳೆಯದು, ಒಡಕು ಸದ್ದಾದರೆ ಬೇಡ. ಬಾಯಿಯ ಮೇಲೆ ಅರವನ್ನು ಮೆಲ್ಲಗೆ ಎಳೆದು ನೋಡಿ. ಬೆಣ್ಣೆಯಂತೆ ಕಚ್ಚಿದರೆ ಹದ ಸಾಲದು. ಗಾಜಿನ ಮೇಲೆ ಜಾರಿದಂತೆ ಜಾರಿದರೆ ಹದ ಜಾಸ್ತಿ, ಹಲ್ಲು ಬೀಳುತ್ತದೆ. ಕಷ್ಟಪಟ್ಟು ಕಚ್ಚುವುದೇ ಸರಿ. ನೀರಿಗೆ ಹಾಕಿ ಗಟ್ಟಿಮಾಡಿದ ಮೇಲೆ ಮತ್ತೆ ಮೆಲ್ಲಗೆ ಕಾಸಿ ಬಣ್ಣ ಇಳಿಸಿದ್ದಾರಾ ಎಂದು ಕೇಳಿ. ಹುಲ್ಲಿನ ಹಳದಿ ಬಣ್ಣ ಬಂದು, ಕಂದಾಗಿ, ನೇರಳೆಗೆ ತಿರುಗುವ ಹೊತ್ತಿಗೆ ಅಲಗು 270, 280 ಡಿಗ್ರಿ ಸೆಲ್ಸಿಯಸ್ ಮುಟ್ಟಿರುತ್ತದೆ. ಕಡಿಯುವ ಕತ್ತಿಗೆ ಅಲ್ಲೇ ನಿಲ್ಲಿಸಬೇಕು. ಅನುಭವಿ ಕಮ್ಮಾರನಿಗೆ ಈ ಪ್ರಶ್ನೆ ಕೇಳಿದರೆ ಬೇಸರವಾಗುವುದಿಲ್ಲ, ಅವನು ನಿಮಗಾಗಿ ಇನ್ನೂ ಎಚ್ಚರಿಕೆಯಿಂದ ಮಾಡುತ್ತಾನೆ.

ಮನೆಗೆ ತಂದ ಮೇಲೆ ಗ್ರೈಂಡರ್ ಚಕ್ರಕ್ಕೆ ಹಿಡಿದು ಹರಿತ ಮಾಡಬೇಡಿ. ಬಾಯಿ ನೀಲಿಯಾಯಿತು ಅಂದರೆ ಅಷ್ಟು ಭಾಗದ ಹದ ಹೋಯಿತು. ಅರ ಮತ್ತು ಮಸೆಗಲ್ಲು ಸಾಕು, ಒಂದೊಂದು ಬದಿಗೆ 20ರಿಂದ 25 ಡಿಗ್ರಿ ಕೋನ. ಕಡಿಯುವಾಗ ಕೊಂಬೆ ನಿಮ್ಮ ಕಾಲಿನ ಕಡೆ ಇರದೆ ಆಚೆ ಬದಿಗೆ ಇರಲಿ. ಏಟು ತಪ್ಪಿದರೆ ಅಲಗು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಮೊದಲೇ ನೋಡಿಕೊಳ್ಳಿ. ಮಳೆಗಾಲದಲ್ಲಿ ಸಂಜೆ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿದರೆ ತುಕ್ಕು ಹತ್ತಿರ ಬರುವುದಿಲ್ಲ. ಚರ್ಮದ ಒರೆಯಲ್ಲಿ ಮಾತ್ರ ಜೂನ್‌ನಿಂದ ಸೆಪ್ಟೆಂಬರ್ ತನಕ ಅಲಗನ್ನು ಇಟ್ಟು ಮರೆಯಬೇಡಿ. ಬೂಷ್ಟು ಹಿಡಿದ ಚರ್ಮ ನೀರನ್ನು ಹೀರಿ ಹಿಡಿದುಕೊಳ್ಳುತ್ತದೆ. ಅಲಗನ್ನು ಹೊರಗೆ ತೆಗೆದು, ಎಣ್ಣೆ ಬಟ್ಟೆ ಸುತ್ತಿ, ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಇಡಿ.